‘ಐದು ಮಾರ್ಕ್ಸ್ ಕೊಟ್ರೆ ನಿಮ್ಮದೇನು ಹೋಗುತ್ತೆ ಮೇಡಂ?’

ಹೋದ ಸಂಚಿಕೆಯಲ್ಲಿ ಒಬ್ಬ ತಾಯಿಗೆ ಉತ್ತರ ಬರೆಯುವಾಗ, ಈ ಎಕ್ಸ್‌ಟ್ರಾ ಮಾರ್ಕ್ಸ್ ಅಂದರೆ ನನಗೆ ಅಷ್ಟಕ್ಕಷ್ಟೇ ಅಂತ ಒಂದು ಸಾಲು ಸೇರಿಸಿಬಿಟ್ಟಿದ್ದೆ. ಆ ಒಂದು ಸಾಲಿಗೆ ಬಂದಷ್ಟು ಪತ್ರ ಈ ಅಂಕಣಕ್ಕೆ ಯಾವತ್ತೂ ಬಂದಿರಲಿಲ್ಲ. ಬೈದವರೂ ಇದ್ದಾರೆ. ಸಂತೋಷ. ಮೂವತ್ತೊಂದು ವರ್ಷ ಗಣಿತ ಹೇಳಿಕೊಟ್ಟವಳಿಗೆ ಬೈಸಿಕೊಂಡು ಅಭ್ಯಾಸ ಇದೆ. ಈ ಸಲ ಮಿಕ್ಕ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟು ಇದೊಂದನ್ನೇ ಹಿಡಿದುಕೊಂಡು ಕೂತಿದ್ದೇನೆ.

ಪ್ರಶ್ನೆ: ಮೇಡಂ, ನಾನು ಪಾಠ ಮಾಡಲು ಶುರು ಮಾಡಿ ಎರಡು ವರ್ಷವಾಯಿತು. ಟರ್ಮ್ ಮುಗಿಯುವ ವಾರ ಬಂತೆಂದರೆ ಮಕ್ಕಳು ಸ್ಟಾಫ್ ರೂಮಿನ ಬಾಗಿಲಲ್ಲಿ ಸಾಲುಗಟ್ಟುತ್ತಾರೆ. ‘ಏನಾದರೂ ಎಕ್ಸ್‌ಟ್ರಾ ಕೆಲಸ ಕೊಡಿ, ಮಾರ್ಕ್ಸ್ ಹಾಕಿ’ ಅಂತ ಗೋಗರೆಯುತ್ತಾರೆ. ಒಬ್ಬ ಹುಡುಗನ ತಂದೆಯಂತೂ ‘ಐದು ಮಾರ್ಕ್ಸ್ ಕೊಟ್ರೆ ನಿಮ್ಮದೇನು ಹೋಗುತ್ತೆ ಮೇಡಂ?’ ಅಂದುಬಿಟ್ಟರು. ನನ್ನ ಬಾಯಿಗೆ ಉತ್ತರವೇ ಬರಲಿಲ್ಲ. ನಿಜವಾಗಲೂ ಏನು ಹೋಗುತ್ತೆ? — ಹೈಸ್ಕೂಲ್ ಶಿಕ್ಷಕಿ

ಉತ್ತರ: ನಿಮ್ಮದೇನೂ ಹೋಗಲ್ಲ ತಂಗಿ. ತೊಂದರೆ ಇರುವುದೇ ಅಲ್ಲಿ. ನಮ್ಮ ಕೈಯಿಂದ ಹೋಗುವಂತಿದ್ದರೆ ನಾವೇ ಎಣಿಸಿ ಎಣಿಸಿ ಕೊಡುತ್ತಿದ್ದೆವು. ಹೋಗುವುದು ಆ ಬಾಗಿಲಲ್ಲಿ ಬಂದು ನಿಲ್ಲದ ಮಗುವಿನದು. ನಾಚಿಕೆಗೋ, ಭಯಕ್ಕೋ, ಕೇಳಬಹುದು ಅಂತ ಗೊತ್ತೇ ಇಲ್ಲದ್ದಕ್ಕೋ ಅದು ಬರಲಿಲ್ಲ. ಅದರ ಅಪ್ಪನೂ ಬರಲಿಲ್ಲ.

ನಾನೂ ಒಂದು ವರ್ಷ ಭಾರೀ ಧಾರಾಳಿಯಾಗಿದ್ದೆ. ತ್ರಿಕೋನಗಳ ಪಾಠದ ಟೆಸ್ಟಿನಲ್ಲಿ ಅರ್ಧ ಕ್ಲಾಸು ಮುಗ್ಗರಿಸಿತ್ತು. ಅಯ್ಯೋ ಪಾಪ ಅನಿಸಿತು. ರಜೆಯಲ್ಲಿ ಒಂದು ಚಾರ್ಟ್ ಮಾಡಿಕೊಂಡು ಬನ್ನಿ, ಐದು ಮಾರ್ಕ್ಸ್ ಹಾಕುತ್ತೇನೆ ಅಂದೆ. ಸೋಮವಾರ ಬೆಳಿಗ್ಗೆ ನೋಡಿದರೆ ಮೇಜಿನ ಮೇಲೆ ಹನ್ನೊಂದು ಚಾರ್ಟು. ಬಣ್ಣಬಣ್ಣದ ಸ್ಕೆಚ್ ಪೆನ್ನು, ಅಂಚಿಗೆ ಮಿಂಚುವ ಟೇಪು, ಒಂದರಲ್ಲಂತೂ ದೊಡ್ಡವರ ಕೈಬರಹ ಎದ್ದು ಕಾಣುತ್ತಿತ್ತು. ಹನ್ನೊಂದರಲ್ಲಿ ಒಂಬತ್ತು ಆಗಲೇ 80ರ ಮೇಲಿದ್ದ ಮಕ್ಕಳದು. 28 ತೆಗೆದಿದ್ದ ಹುಡುಗಿ ಬರಿಗೈಯಲ್ಲಿ ಬಂದಿದ್ದಳು. ಯಾಕಮ್ಮ ಅಂದೆ. ‘ತಮ್ಮನ್ನ ನೋಡ್ಕೋಬೇಕಿತ್ತು ಮೇಡಂ’ ಅಂದಳು, ಅಷ್ಟೇ, ತಲೆ ಎತ್ತಲಿಲ್ಲ. ಅವಳ 28 ಹಾಗೇ ಉಳಿಯಿತು, 84ರ ಹುಡುಗ 89 ಆದ. ನಾನು ಅಯ್ಯೋ ಪಾಪ ಅಂದದ್ದು ಯಾರಿಗೆ, ಕೊಟ್ಟದ್ದು ಯಾರಿಗೆ! ಇನ್ನೂ ಒಂದು ತಮಾಷೆ ಇದೆ. ಚೆಂದದ ಚಾರ್ಟ್ ತಂದವನೊಬ್ಬನನ್ನು ಬೋರ್ಡಿಗೆ ಕರೆದು, ಈ ಎರಡು ತ್ರಿಕೋನ ಸರ್ವಸಮ ಅಂತ ಹೇಗೆ ಹೇಳ್ತೀಯ ಅಂತ ಕೇಳಿದರೆ, ಅವನು ‘ನೋಡಿದರೆ ಹಾಗೇ ಕಾಣುತ್ತೆ ಮೇಡಂ’ ಅಂದ.

ಹಾಗಂತ ಬಾಗಿಲು ಹಾಕಿಕೊಂಡು ಕೂರಿ ಅಂತ ಹೇಳುತ್ತಿಲ್ಲ. ಮರುವರ್ಷ ನಾನು ಮಾಡಿದ್ದು ಇಷ್ಟು. ಚಾರ್ಟು ಗೀರ್ಟು ಎಲ್ಲ ಬಂದ್. ತಿದ್ದಿದ ಪೇಪರನ್ನು ಕ್ಲಾಸಿನಲ್ಲೇ ವಾಪಸ್ ಕೊಟ್ಟು, ತಪ್ಪಿದ ಲೆಕ್ಕವನ್ನು ಮತ್ತೆ ಮಾಡಿ, ಎಲ್ಲಿ ಎಡವಿದೆ ಅಂತ ಪಕ್ಕದಲ್ಲಿ ಎರಡು ಸಾಲು ಬರೆದರೆ ಕಳೆದುಕೊಂಡ ಅಂಕದಲ್ಲಿ ಅರ್ಧ ವಾಪಸ್ ಅಂದೆ. ಆ ಪೀರಿಯಡ್ ಮುಗಿಯುವುದರೊಳಗೆ ಮುಗಿಸಬೇಕು, ಮನೆಗೆ ಒಯ್ಯುವಂತಿಲ್ಲ. ಈಗ ಲೆಕ್ಕ ನೋಡಿ. 100ಕ್ಕೆ 28 ತೆಗೆದವಳು ಕಳೆದುಕೊಂಡದ್ದು 72, ಎಲ್ಲ ಸರಿ ಮಾಡಿದರೆ 36 ವಾಪಸ್ ಬಂದು 64 ಆಗುತ್ತದೆ. 84ರವನು ಕಳೆದುಕೊಂಡದ್ದು ಬರೀ 16, ಅವನಿಗೆ 8 ಸಿಕ್ಕಿ 92. ಇಬ್ಬರಿಗೂ ನಿಯಮ ಒಂದೇ. ಆದರೆ ಜಾಸ್ತಿ ಬೇಕಾದವರಿಗೆ ಜಾಸ್ತಿ ಸಿಗುತ್ತದೆ, ಅದೂ ತ್ರಿಕೋನ ಕಲಿತಿದ್ದಕ್ಕೇ ಸಿಗುತ್ತದೆ. ಮತ್ತೆ ಇದನ್ನು ಟರ್ಮಿನ ಮೊದಲ ವಾರವೇ ಬೋರ್ಡಿನ ಮೇಲೆ ಬರೆದು ಹೇಳಿಬಿಡಿ. ಕೊನೇ ವಾರ ಹೇಳಿದರೆ ಅದು ಗೋಗರೆದವರಿಗೆ ಕೊಟ್ಟಂತೆಯೇ ಲೆಕ್ಕ.

ಆ ತಂದೆ ಮತ್ತೆ ಬಂದರೆ ಪೇಪರನ್ನು ಅವರ ಮುಂದೆ ಬಿಚ್ಚಿಟ್ಟು, ‘ಯಾವ ಪ್ರಶ್ನೆಗೆ ಸೇರಿಸಲಿ ಹೇಳಿ ಸಾರ್’ ಅಂತ ಕೇಳಿ. ಸಿಟ್ಟಿನಿಂದ ಬೇಡ, ಸಮಾಧಾನವಾಗಿ ಕೇಳಿ. ಒಂದೊಂದು ಸಲ ಅವರು ತೋರಿಸುವ ಜಾಗದಲ್ಲಿ ನಿಜವಾಗಿಯೂ ನಾವೇ ಕಡಿಮೆ ಹಾಕಿರುತ್ತೇವೆ. ಆಗ ಹಾಕಿಕೊಡಬೇಕಾದ್ದೇ.

ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ಒಂದು ಪೇಪರಿಗೆ ನೂರು ಜನ ಇದ್ದರೆ ಮೇಲಿನ ಹತ್ತು ಜನಕ್ಕೆ ಮಾತ್ರ ಎ ಗ್ರೇಡು. ನಾನು ಹತ್ತನೆಯವಳಾಗಿದ್ದೆ. ಒಬ್ಬ ಹುಡುಗ ಯಾವುದೋ ಸೆಮಿನಾರಿಗೆ ಹೋಗಿ ಕೂತು ಬಂದ ಅಂತ ಅವನಿಗೆ 4 ಬೋನಸ್. ಈಗ ನಾನು ಹನ್ನೊಂದನೆಯವಳು. ‘ಅವನಿಗೆ ಸಿಕ್ಕರೆ ನಿನಗೇನು ಹೊಟ್ಟೆಕಿಚ್ಚು’ ಅನ್ನುತ್ತಾರೆ ಗೆಳತಿಯರು. ಹೊಟ್ಟೆಕಿಚ್ಚೇನಾ ಇದು? — ಬಿ.ಎಸ್ಸಿ. ವಿದ್ಯಾರ್ಥಿನಿ

ಉತ್ತರ: ಸ್ವಲ್ಪ ಹೊಟ್ಟೆಕಿಚ್ಚೂ ಇರಬಹುದು, ತಪ್ಪೇನಿಲ್ಲ. ಆದರೆ ನಿನ್ನ ಲೆಕ್ಕ ಸರಿಯಾಗಿದೆ ಮಗಳೇ. ಇಷ್ಟು ಅಂಕಕ್ಕೆ ಎ ಅಂತ ಇದ್ದರೆ ಅವನ ಬೋನಸ್ಸಿಂದ ನಿನಗೆ ಏನೂ ಆಗುತ್ತಿರಲಿಲ್ಲ. ಇಷ್ಟು ಜನಕ್ಕೆ ಎ ಅಂತ ಇದ್ದಾಗ ಮಾತ್ರ ಒಬ್ಬರು ಹತ್ತಿದರೆ ಇನ್ನೊಬ್ಬರು ಇಳಿಯಲೇಬೇಕು. ಕುರ್ಚಿ ಹತ್ತೇ. ಹೀಗಿರುವ ಕಡೆ ಬೋನಸ್ ಕೊಡುವುದೇ ತಪ್ಪು ಅಂತ ನನ್ನ ಅಭಿಪ್ರಾಯ. ಕೊಡಲೇಬೇಕು ಅಂದರೆ ಗ್ರೇಡ್ ಗೆರೆಯನ್ನು ಬೋನಸ್ ಸೇರಿಸುವ ಮೊದಲು ಎಳೆಯಬೇಕು. ಆಗ ಬೋನಸ್ ಬಂದವನು ಮೇಲೆ ಹೋಗುತ್ತಾನೆ, ನಿನ್ನನ್ನು ಕೆಳಗೆ ತಳ್ಳುವುದಿಲ್ಲ. ಕೆಲವು ಕಡೆ ಹೀಗೆಯೇ ಮಾಡುತ್ತಾರೆ. ವಿಭಾಗದ ಮುಖ್ಯಸ್ಥರಿಗೆ ಇದನ್ನೇ ಬರೆದು ಕೊಡು, ಆ ಹುಡುಗನ ಹೆಸರೆತ್ತಬೇಡ. ಸೆಮಿನಾರ್ ಇದೆ ಅಂತ ಎಲ್ಲರಿಗೂ ಹೇಳಿದ್ದರಾ, ಅದೇ ಹೊತ್ತಿಗೆ ಲ್ಯಾಬ್ ಇದ್ದವರು ಏನು ಮಾಡಬೇಕಿತ್ತು, ಇಷ್ಟು ಕೇಳಿದರೆ ಸಾಕು.

ಅಂದಹಾಗೆ ಈ ಸಾಲಾಗಿ ನಿಲ್ಲಿಸುವ ಚಟ ಹಳೆಯದು. 1785ರಲ್ಲಿ ಅಮೆರಿಕದ ಯೇಲ್ ಕಾಲೇಜಿನ ಅಧ್ಯಕ್ಷ ಎಜ್ರಾ ಸ್ಟೈಲ್ಸ್ 58 ವಿದ್ಯಾರ್ಥಿಗಳ ಪರೀಕ್ಷೆ ಮಾಡಿ, ಅತ್ಯುತ್ತಮರು, ಎರಡನೇ ದರ್ಜೆಯವರು, ಅದಕ್ಕಿಂತ ಕೆಳಗಿನವರು, ತೀರಾ ಕೆಳಗಿನವರು ಅಂತ ಲ್ಯಾಟಿನ್ನಿನಲ್ಲಿ ನಾಲ್ಕು ಗುಂಪು ಮಾಡಿ ಡೈರಿಯಲ್ಲಿ ಬರೆದಿಟ್ಟ. ಲ್ಯಾಟಿನ್ನಿನಲ್ಲಿ ಬೈದರೆ ಸ್ವಲ್ಪ ಮರ್ಯಾದೆ ಇರುತ್ತೇನೋ!

ಪ್ರಶ್ನೆ: ನಾನು 10 ಮಾರ್ಕ್ಸಿನ ಬೋನಸ್ ಪ್ರಾಜೆಕ್ಟ್ ಮಾಡಿದೆ. ಮೂರು ರಾತ್ರಿ ನಿದ್ದೆಗೆಟ್ಟೆ. ಫೈನಲ್ ರಿಸಲ್ಟಿನಲ್ಲಿ ನೋಡಿದರೆ 1 ಮಾರ್ಕ್ಸ್ ಜಾಸ್ತಿ ಆಗಿದೆ ಅಷ್ಟೇ. ಸರ್ 9 ಮಾರ್ಕ್ಸ್ ನುಂಗಿದ್ದಾರಾ? — ಹತ್ತನೇ ತರಗತಿ ಹುಡುಗ

ಉತ್ತರ: ನುಂಗಿಲ್ಲ ಮರಿ. ನಿನ್ನ ಪತ್ರದಲ್ಲಿ ಬೇರೆ ಅಂಕಗಳನ್ನೂ ಬರೆದಿದ್ದೆಯಲ್ಲ, ಅವನ್ನೇ ಇಟ್ಟುಕೊಂಡು ಲೆಕ್ಕ ಹಾಕಿದೆ. ಪ್ರಾಜೆಕ್ಟಿನ ಹತ್ತು ಸೇರಿರುವುದು ಹೋಂವರ್ಕಿಗೆ. ವರ್ಷದ ಹೋಂವರ್ಕೆಲ್ಲ ಸೇರಿ 200 ಅಂಕ, ಫೈನಲ್ಲಿಗೆ ಹೋಂವರ್ಕಿನ ಪಾಲು 20. ನಿನಗೆ 160 ಇತ್ತು, ಅಂದರೆ ಫೈನಲ್ಲಿನಲ್ಲಿ 16. ಬೋನಸ್ 10 ಸೇರಿ 170 ಆಯಿತು, ಫೈನಲ್ಲಿನಲ್ಲಿ 17. ಅದೇ ಹತ್ತನ್ನು 50 ಅಂಕದ, ಫೈನಲ್ಲಿಗೂ 50 ಪಾಲಿರುವ ಟೆಸ್ಟಿಗೆ ಸೇರಿಸಿದ್ದರೆ ಪೂರ್ತಿ ಹತ್ತೂ ಏರುತ್ತಿತ್ತು. ಹತ್ತು ಅಂದರೆ ಎಷ್ಟು ಅನ್ನುವುದು ಅದನ್ನು ಯಾವ ಡಬ್ಬಿಗೆ ಹಾಕುತ್ತಾರೆ ಅನ್ನುವುದರ ಮೇಲೆ ಹೋಗುತ್ತದೆ. ನಿನ್ನ ಸರ್ ಸುಳ್ಳು ಹೇಳಿಲ್ಲ, ಆದರೆ ಪೂರ್ತಿಯಾಗಿ ಹೇಳಿಯೂ ಇಲ್ಲ. ಮುಂದಿನ ಸಲ ನಿದ್ದೆಗೆಡುವ ಮೊದಲೇ ‘ಸರ್, ಇದು ಯಾವುದಕ್ಕೆ ಸೇರುತ್ತೆ’ ಅಂತ ಕೇಳು.

ಪ್ರಶ್ನೆ: ನನ್ನ ಮಗಳು ನಾಲ್ಕು ಅಸೈನ್‌ಮೆಂಟಿನಲ್ಲಿ ತಲಾ 90 ತೆಗೆದಳು. ಐದನೆಯದನ್ನು ಕೊಡಲು ಮರೆತಳು. ಸೊನ್ನೆ ಹಾಕಿ ಸರಾಸರಿ 72 ಮಾಡಿದ್ದಾರೆ. ಕೊಡದಿದ್ದರೆ ಸೊನ್ನೆ, ಅದರಲ್ಲೇನು ಅನ್ಯಾಯ ಅನ್ನುತ್ತಾರೆ ಇವರು. ನನಗೆ ಮಾತ್ರ ಏನೋ ಸರಿಯಿಲ್ಲ ಅನಿಸುತ್ತಿದೆ. — ಒಬ್ಬ ತಾಯಿ

ಉತ್ತರ: ನಿಮಗೆ ಅನಿಸಿದ್ದು ಸರಿ. ನಿಮ್ಮ ಯಜಮಾನರು ಹೇಳಿದ್ದೂ ಪೂರ್ತಿ ತಪ್ಪಲ್ಲ. ನಿಮ್ಮ ಮನೆಯ ಜಗಳಕ್ಕೆ ನಾನು ಬರುವುದಿಲ್ಲ, ಲೆಕ್ಕ ಮಾತ್ರ ಹೇಳುತ್ತೇನೆ.

ಆ 72 ಯಾರದು? 72ರ ಮಟ್ಟದ ಕೆಲಸವನ್ನು ನಿಮ್ಮ ಮಗಳು ಒಂದು ಸಲವೂ ಮಾಡಿಲ್ಲ. ನಾಲ್ಕು ಸಲ 90, ಒಂದು ಸಲ ಏನೂ ಇಲ್ಲ. ಈ ಸೊನ್ನೆ ಎಷ್ಟು ಭಾರ ಅಂದರೆ, ಅವಳ ಸರಾಸರಿ ಮತ್ತೆ 90ಕ್ಕೆ ಬರಬೇಕಾದರೆ ಇನ್ನು ಮುಂದೆ ಒಂಬತ್ತು ಅಸೈನ್‌ಮೆಂಟಿನಲ್ಲಿ ಒಂದೇ ಸಮನೆ 100ಕ್ಕೆ 100 ತೆಗೆಯಬೇಕು. ಒಂದು ಮರೆವಿಗೆ ಒಂಬತ್ತು ನೂರು! 90ರ ಮೇಲೆ ಎ, 80ರ ಮೇಲೆ ಬಿ, 70ರ ಮೇಲೆ ಸಿ, 60ರ ಮೇಲೆ ಡಿ ಅಂತ ಗ್ರೇಡ್ ಕೊಡುವ ಪದ್ಧತಿಯಲ್ಲಿ ನೋಡಿ, ಪಾಸಾದ ಒಂದೊಂದು ಗ್ರೇಡಿಗೂ ಹತ್ತು ಮೆಟ್ಟಿಲು, ಫೇಲಿಗೆ ಮಾತ್ರ ಅರವತ್ತು. ಅಷ್ಟು ಆಳದ ಗುಂಡಿಗೆ ಬಿದ್ದ ಮಗು ಹತ್ತುವ ಯೋಚನೆಯನ್ನೇ ಬಿಡುತ್ತದೆ, ನಾನು ಕಣ್ಣಾರೆ ನೋಡಿದ್ದೇನೆ.

ಇದಕ್ಕೆ ಕೆಲವರು ಕನಿಷ್ಠ 50 ಹಾಕಿ ಅನ್ನುತ್ತಾರೆ. ಹಾಗೆ ಮಾಡಿದರೆ ನಿಮ್ಮ ಮಗಳಿಗೆ 82 ಬರುತ್ತದೆ. ನನಗೆ ಅದೂ ಒಗ್ಗುವುದಿಲ್ಲ. ಕಷ್ಟಪಟ್ಟು ಕೂತು ಬರೆದು 45 ತೆಗೆದ ಮಗು ಪಕ್ಕದಲ್ಲೇ ಇರುತ್ತಲ್ಲ, ಅದರ ಮುಖ ನೋಡಿಕೊಂಡು ಏನು ಹೇಳುವುದು? ನಾನು ‘ಬಾಕಿ’ ಅಂತ ಬರೆಯುತ್ತಿದ್ದೆ. ಪುಸ್ತಕದಲ್ಲಿ ಅಂಕದ ಜಾಗ ಖಾಲಿ, ಪೆನ್ಸಿಲ್ಲಿನಲ್ಲಿ ‘ಬಾಕಿ’. ಎರಡು ವಾರದೊಳಗೆ ತಂದು ಕೊಟ್ಟರೆ ತಿದ್ದುತ್ತಿದ್ದೆ, ತಡವಾಗಿದ್ದಕ್ಕೆ ಹತ್ತೋ ಹದಿನೈದೋ ಕಳೆಯುತ್ತಿದ್ದೆ, ಆಮೇಲೂ ತರದಿದ್ದರೆ ಸೊನ್ನೆ. ಪೆನ್ಸಿಲ್ ಅಳಿಸಿ ಪೆನ್ನಿನಲ್ಲಿ ಸೊನ್ನೆ ಬರೆದದ್ದು ವರ್ಷಕ್ಕೆ ಮೂರ್ನಾಲ್ಕು ಸಲ ಇರಬಹುದು. ನಿಮ್ಮ ಮಗಳು ಈಗಲಾದರೂ ಅದನ್ನು ಬರೆದುಕೊಂಡು ಹೋಗಿ ಟೀಚರ್ ಮುಂದಿಡಲಿ. ನೀವು ಹೋಗಬೇಡಿ, ಅವಳೇ ಹೋಗಲಿ. ಬಯ್ಯುತ್ತಾರೆ. ಬೈಸಿಕೊಳ್ಳಲಿ.

ಪ್ರಶ್ನೆ: ತರಗತಿಗೆ ಚಾರ್ಟ್ ಪೇಪರ್, ಮಾರ್ಕರ್ ತಂದುಕೊಟ್ಟವರಿಗೆ 5 ಬೋನಸ್ ಅಂತೆ. ಸರೀನಾ? — ಹೆಸರು ಬೇಡ

ಉತ್ತರ: ಇಲ್ಲ. ಅದು ಅಂಗಡಿ.

ಪ್ರಶ್ನೆ: ಒಂದೇ ಉತ್ತರ ಬರೆದ ನನಗೆ 6, ಗೆಳೆಯನಿಗೆ 8. ಇಬ್ಬರ ಪೇಪರ್ ಪಕ್ಕಪಕ್ಕ ಇಟ್ಟು ನೋಡಿದ್ದೇವೆ, ಪದ ಆಚೀಚೆ ಇರಬಹುದು ಅಷ್ಟೇ. ಬೋನಸ್ ಬಿಡಿ, ಮೊದಲು ಇರುವ ಮಾರ್ಕ್ಸನ್ನು ಸರಿಯಾಗಿ ಕೊಡೋದು ಯಾವಾಗ? — ಪಿಯುಸಿ ವಿದ್ಯಾರ್ಥಿ

ಉತ್ತರ: ಬಂದ ಪತ್ರಗಳಲ್ಲೆಲ್ಲ ನನ್ನನ್ನು ಜಾಸ್ತಿ ಚುಚ್ಚಿದ್ದು ಇದೇ. ನಿಜ ಹೇಳುತ್ತೇನೆ ಕೇಳಪ್ಪ, ನಾವು ತಿದ್ದುವವರು ತಕ್ಕಡಿ ಅಲ್ಲ. ರಾತ್ರಿ ಹತ್ತೂವರೆಗೆ ನಲವತ್ತೇಳನೇ ಪೇಪರು ಕೈಗೆ ಬಂದಾಗ ಕಣ್ಣು ಒಂದು ಕಡೆ, ಮನಸ್ಸು ಒಂದು ಕಡೆ. ಅದಕ್ಕಿಂತ ಮೊದಲಿನ ಪೇಪರು ತುಂಬ ಚೆನ್ನಾಗಿತ್ತು ಅಂತಿಟ್ಟುಕೋ, ಇದು ಸಪ್ಪೆ ಕಾಣುತ್ತದೆ. ಮೊದಲಿನದು ಕೆಟ್ಟದಾಗಿತ್ತೋ, ಇದೇ ಬಂಗಾರ.

1912ರಲ್ಲಿ ಅಮೆರಿಕದಲ್ಲಿ ಡೇನಿಯಲ್ ಸ್ಟಾರ್ಚ್ ಮತ್ತು ಎಡ್ವರ್ಡ್ ಎಲಿಯಟ್ ಅಂತ ಇಬ್ಬರು ಒಂದು ಕೆಲಸ ಮಾಡಿದರು. ಹೈಸ್ಕೂಲ್ ಮಕ್ಕಳ ಎರಡು ಇಂಗ್ಲಿಷ್ ಉತ್ತರ ಪತ್ರಿಕೆ ತೆಗೆದುಕೊಂಡು, ಅದರ ಪ್ರತಿ ಮಾಡಿಸಿ, ಬೇರೆ ಬೇರೆ ಶಾಲೆಯ ಟೀಚರುಗಳಿಗೆ ಕಳಿಸಿ, ನಿಮ್ಮ ಮಕ್ಕಳದೇ ಅಂದುಕೊಂಡು ತಿದ್ದಿ ಅಂದರು. ತಿದ್ದಿದ್ದು 142 ಜನ. ಒಂದು ಪೇಪರಿಗೆ 64ರಿಂದ 98ರವರೆಗೆ ಬಂತು. ಇನ್ನೊಂದಕ್ಕೆ 50ರಿಂದ 97. ಒಂದೇ ಪೇಪರು, ಅದೇ ಅಕ್ಷರ! ಭಾಷೆ ಅಂದಮೇಲೆ ಹಾಗೇ, ಗಣಿತದಲ್ಲಿ ಹೀಗಾಗಲ್ಲ ಅಂತ ಜನ ಆಡಿಕೊಂಡರು. ಮರುವರ್ಷ ಅವರು ಜ್ಯಾಮಿತಿಯ ಪೇಪರು ಕಳಿಸಿದರು. ಅಂತರ ಇನ್ನೂ ಹೆಚ್ಚಾಯಿತು. ಒಬ್ಬರು ಉತ್ತರ ಮಾತ್ರ ನೋಡಿದ್ದರು, ಇನ್ನೊಬ್ಬರು ಹಂತ ಹಂತಕ್ಕೂ ಹಾಕಿದ್ದರು, ಮತ್ತೊಬ್ಬರು ಗಲೀಜಾಗಿದೆ ಅಂತ ಕಳೆದಿದ್ದರು. ಗಣಿತದವಳಾದ ನನಗೆ ಇದನ್ನು ಮೊದಲ ಸಲ ಓದಿದಾಗ ಆದ ಮುಖಭಂಗ ಅಷ್ಟಿಷ್ಟಲ್ಲ.

ಇನ್ನೊಂದು ಇದೆ. ಎಡ್ವರ್ಡ್ ಥಾರ್ನ್‌ಡೈಕ್ ಅನ್ನುವ ಮನಶ್ಶಾಸ್ತ್ರಜ್ಞ 1920ರಲ್ಲಿ ಬರೆದದ್ದು. ಸೇನೆಯ ಅಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಮೈಕಟ್ಟು, ಬುದ್ಧಿ, ನಾಯಕತ್ವ, ನಡತೆ ಅಂತ ಬೇರೆ ಬೇರೆಯಾಗಿ ಅಂಕ ಕೊಟ್ಟಿದ್ದರು. ನೋಡಿದರೆ ಒಂದರಲ್ಲಿ ಜಾಸ್ತಿ ಬಂದವನಿಗೆ ಎಲ್ಲದರಲ್ಲೂ ಜಾಸ್ತಿ. ಒಬ್ಬನ ಒಂದು ಗುಣದ ಬೆಳಕು ಅವನ ಮಿಕ್ಕ ಎಲ್ಲದರ ಮೇಲೂ ಬೀಳುತ್ತದೆ ಅಂತ ಅವನು ಅದಕ್ಕೆ ಹೇಲೋ ಅಂತ ಹೆಸರಿಟ್ಟ, ದೇವರ ತಲೆ ಹಿಂದಿನ ಪ್ರಭಾವಳಿ ಅಂತಾರಲ್ಲ, ಅದು. ನಿನ್ನ ಗೆಳೆಯನ ಅಕ್ಷರ ಮುತ್ತಿನಂತಿದೆಯಾ? ಕ್ಲಾಸಿನಲ್ಲಿ ಮುಂದೆ ಕೂರುತ್ತಾನಾ? ಹಾಗಾದರೆ ಆ ಎರಡು ಮಾರ್ಕ್ಸ್ ಎಲ್ಲಿಂದ ಬಂತು ಅಂತ ನನಗೆ ಅನುಮಾನ ಇದೆ.

ಇದಕ್ಕೆ ನಾವು ತಿದ್ದುವವರು ಮಾಡಬೇಕಾದ್ದು ಒಂದಷ್ಟಿದೆ. ಟೀಚರುಗಳೂ ಈ ಅಂಕಣ ಓದುತ್ತಾರೆ, ಅದಕ್ಕೇ ಬರೆಯುತ್ತೇನೆ. ಮೊದಲ ಪುಟವನ್ನು ಹಿಂದಕ್ಕೆ ಮಡಿಸಿ, ಹೆಸರು ಕಾಣದ ಹಾಗೆ ತಿದ್ದಬೇಕು. ಒಬ್ಬರ ಪೇಪರನ್ನು ಮೊದಲಿಂದ ಕೊನೆವರೆಗೆ ತಿದ್ದಿ ಮುಂದಿನವರದಕ್ಕೆ ಹೋಗಬಾರದು. ಎಲ್ಲರ ಮೊದಲನೇ ಪ್ರಶ್ನೆ, ಆಮೇಲೆ ಎಲ್ಲರ ಎರಡನೇದು, ಪ್ರತಿ ಸಲವೂ ಕಟ್ಟನ್ನು ಇಸ್ಪೀಟಿನ ಹಾಗೆ ಕಲಸಿಕೊಳ್ಳಬೇಕು. ಹೀಗೆ ಮಾಡಿದರೆ ಮೊದಲ ಉತ್ತರ ಚೆನ್ನಾಗಿ ಬರೆದ ಅಂತ ಐದನೆಯದಕ್ಕೆ ಔದಾರ್ಯ ತೋರುವುದು ತಪ್ಪುತ್ತದೆ. ಯಾವ ಹಂತಕ್ಕೆ ಎಷ್ಟು ಅಂತ ತಿದ್ದಲು ಕೂರುವ ಮೊದಲೇ ಒಂದು ಸ್ಕೀಮ್ ಬರೆದಿಟ್ಟುಕೊಳ್ಳಬೇಕು. ತಿದ್ದುತ್ತಾ ತಿದ್ದುತ್ತಾ ಸ್ಕೀಮ್ ಬದಲಾಯಿಸಿದರೆ ಹಿಂದಿನವನ್ನೆಲ್ಲ ಮತ್ತೆ ನೋಡಬೇಕು. ಇದು ಯಾರಿಗೂ ಇಷ್ಟವಿಲ್ಲದ ಕೆಲಸ. ನಾನು ಒಂದು ಸಲ ಮೂವತ್ತೆರಡು ಪೇಪರಿನ ನಾಲ್ಕನೇ ಪ್ರಶ್ನೆಯನ್ನು ಮತ್ತೆ ತಿದ್ದಿದ್ದೇನೆ. ಮೂವತ್ತಮೂರನೆಯ ಹುಡುಗಿ ನನಗೇ ಹೊಳೆಯದಿದ್ದ ಇನ್ನೊಂದು ದಾರಿಯಲ್ಲಿ ಲೆಕ್ಕ ಬಿಡಿಸಿದ್ದಳು, ಹಿಂದೆ ಯಾರೋ ಅದೇ ದಾರಿ ಹಿಡಿದಿದ್ದವರಿಗೆ ನಾನು ಕೆಂಪು ಗೀಟು ಎಳೆದ ನೆನಪಾಯಿತು. ಹೌದು, ಮೂರು ಜನಕ್ಕೆ ಎಳೆದಿದ್ದೆ.

ನೀನು ಮಾಡಬೇಕಾದ್ದು: ಗೆಳೆಯನ ಪೇಪರು ತೋರಿಸಿ ‘ಅವನಿಗೆ 8’ ಅನ್ನಬೇಡ, ಹಾಗಂದರೆ ಅವನ ಎರಡನ್ನು ಕಿತ್ತು ಸಮ ಮಾಡಿಬಿಡಬಹುದು! ‘ಈ ಉತ್ತರದಲ್ಲಿ ಏನು ಬಿಟ್ಟಿದ್ದೇನೆ ಸರ್’ ಅಂತ ಕೇಳು. ಅವರು ಬಿಟ್ಟಿದ್ದನ್ನು ತೋರಿಸಿದರೆ ನೀನು ಕಲಿತೆ. ತೋರಿಸಲು ಆಗದಿದ್ದರೆ ಪೆನ್ನಿಗೆ ಅವರೇ ಕೈ ಹಾಕುತ್ತಾರೆ.

ಪ್ರಶ್ನೆ: ನಮ್ಮ ಪ್ರೊಫೆಸರ್ ಒಂದು ವಿಚಿತ್ರ ಬೋನಸ್ ಪ್ರಶ್ನೆ ಕೊಟ್ಟರು. 2 ಅಂಕ ಬೇಕಾ, 6 ಅಂಕ ಬೇಕಾ ಅಂತ ಗುಟ್ಟಾಗಿ ಬರೆದುಕೊಡಬೇಕು. ಕ್ಲಾಸಿನಲ್ಲಿ ಶೇ. 10ಕ್ಕಿಂತ ಜಾಸ್ತಿ ಜನ 6 ಅಂತ ಬರೆದರೆ ಯಾರಿಗೂ ಏನೂ ಇಲ್ಲ. ನಾನು 2 ಬರೆದೆ. ಯಾರಿಗೂ ಸಿಗಲಿಲ್ಲ. ಇದು ನ್ಯಾಯನಾ? — ಉರಿದುಕೊಂಡಿರುವವನು

ಉತ್ತರ: ಉರಿ ಆರಲಿ. ಇದು ನಿಮ್ಮ ಪ್ರೊಫೆಸರರ ಸ್ವಂತ ಕಿತಾಪತಿ ಅಲ್ಲ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಆಗ ಮನಶ್ಶಾಸ್ತ್ರ ಹೇಳುತ್ತಿದ್ದ ಡೈಲನ್ ಸೆಲ್ಟರ್‌ಮನ್ ಇಂಥದ್ದೇ ಪ್ರಶ್ನೆ ಕೊಡುತ್ತಿದ್ದರು, 2015ರಲ್ಲಿ ಅವರ ವಿದ್ಯಾರ್ಥಿಯೊಬ್ಬ ಅದರ ಫೋಟೋ ಹಾಕಿ ಅದು ಲೋಕವೆಲ್ಲ ಸುತ್ತಿತು. ಪಾಠದ ದೃಷ್ಟಿಯಿಂದ ಅದು ಸೊಗಸಾದದ್ದು. ಎಲ್ಲರಿಗೂ ಸೇರಿದ ಹುಲ್ಲುಗಾವಲಿಗೆ ಪ್ರತಿಯೊಬ್ಬನೂ ಇನ್ನೊಂದು ದನ, ಇನ್ನೊಂದು ದನ ಅಂತ ಬಿಡುತ್ತಾ ಹೋದರೆ ಕೊನೆಗೆ ಹುಲ್ಲೇ ಉಳಿಯುವುದಿಲ್ಲ ಅಂತ ಗ್ಯಾರೆಟ್ ಹಾರ್ಡಿನ್ ಅನ್ನುವ ಪರಿಸರ ವಿಜ್ಞಾನಿ 1968ರಲ್ಲಿ ಬರೆದರು. ಆ ಮಾತನ್ನು ಒಂದು ಗಂಟೆ ಬೋರ್ಡಿನ ಮುಂದೆ ನಿಂತು ಹೇಳುವುದಕ್ಕಿಂತ ಹೀಗೆ ಕೈ ಸುಟ್ಟುಕೊಂಡರೆ ಚೆನ್ನಾಗಿ ನಾಟುತ್ತದೆ. ನಿಮಗೆ ನಾಟಿದೆ, ಪತ್ರದಲ್ಲೇ ಗೊತ್ತಾಗುತ್ತಿದೆ.

ಆದರೆ ಅಂಕದ ದೃಷ್ಟಿಯಿಂದ? ನನಗೆ ಒಪ್ಪಿಗೆ ಇಲ್ಲ. ನಿಮ್ಮ ಅಂಕ ನೀವು ಓದಿದ್ದರ ಮೇಲೆ ನಿಲ್ಲಬೇಕು, ಹಿಂದಿನ ಬೆಂಚಿನವನ ಆಸೆಯ ಮೇಲಲ್ಲ. ಅಂಕದ ಬದಲು ಬೇರೇನನ್ನಾದರೂ ಪಣಕ್ಕಿಡಬಹುದಿತ್ತು. ಆದರೆ ಬೇರೇನನ್ನು ಇಟ್ಟರೂ ನೀವು ಇಷ್ಟು ಉರಿದುಕೊಳ್ಳುತ್ತಿರಲಿಲ್ಲ, ಅಲ್ವಾ? ಅದೇ ಸಿಕ್ಕು.

ಪ್ರಶ್ನೆ: ಹಾಜರಿಗೆ ಮಾರ್ಕ್ಸ್ ಕೊಡಬಹುದಾ? — ಪ್ರಾಥಮಿಕ ಶಾಲೆ ಶಿಕ್ಷಕ

ಉತ್ತರ: ಹಾಜರಿಗೆ ಹಾಜರಿ ಪುಸ್ತಕ ಇದೆ. ಜ್ವರ ಬಂದ ಮಗುವಿಗೆ ಭಾಗಾಕಾರ ಗೊತ್ತಿಲ್ಲ ಅಂತ ಬರೆದ ಹಾಗಾಗುತ್ತದೆ. ಬೇಡ.

ಪ್ರಶ್ನೆ: ನನ್ನ ಮಗ ಮೊದಲು ಸಿಕ್ಕಿದ ಕಥೆ ಪುಸ್ತಕ ಓದುತ್ತಿದ್ದ. ಶಾಲೆಯಲ್ಲಿ ಒಂದು ಪುಸ್ತಕ ಓದಿದರೆ ಒಂದು ಬೋನಸ್ ಅಂಕ ಅಂತ ಶುರು ಮಾಡಿದರು. ಮೂರು ತಿಂಗಳು ತೆಳ್ಳನೆ ಪುಸ್ತಕ ಹುಡುಕಿ ಹುಡುಕಿ ಓದಿದ. ಈಗ ಯೋಜನೆ ನಿಂತಿದೆ, ಅವನ ಓದೂ ನಿಂತಿದೆ. — ಒಬ್ಬ ಅಪ್ಪ

ಉತ್ತರ: ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಅಂತ ಮೂವರು 1973ರಲ್ಲಿ ಪ್ರಕಟಿಸಿದ ಪ್ರಯೋಗ ಒಂದಿದೆ. ಚಿತ್ರ ಬರೆಯುವುದು ಇಷ್ಟವಿದ್ದ ಪುಟ್ಟ ಮಕ್ಕಳಲ್ಲಿ ಕೆಲವರಿಗೆ, ಚಿತ್ರ ಬರೆದರೆ ಚೆಂದದ ಸರ್ಟಿಫಿಕೇಟು ಕೊಡುತ್ತೇವೆ ಅಂತ ಮೊದಲೇ ಆಸೆ ತೋರಿಸಿದರು. ಇನ್ನು ಕೆಲವರಿಗೆ ಹೇಳದೆ ಕೊಟ್ಟರು. ಮತ್ತೆ ಕೆಲವರಿಗೆ ಏನೂ ಕೊಡಲಿಲ್ಲ. ಕೆಲವು ದಿನ ಬಿಟ್ಟು, ಬಣ್ಣದ ಪೆನ್ನುಗಳನ್ನು ಸುಮ್ನೆ ಮೇಜಿನ ಮೇಲಿಟ್ಟು ಮರೆಯಿಂದ ನೋಡಿದರು. ಮೊದಲೇ ಆಸೆ ಹಚ್ಚಿದ ಮಕ್ಕಳು ಬೇರೆ ಮಕ್ಕಳ ಅರ್ಧದಷ್ಟು ಹೊತ್ತು ಮಾತ್ರ ಪೆನ್ನು ಮುಟ್ಟಿದರು. ಹೇಳದೆ ಕೊಟ್ಟವರ ಆಸಕ್ತಿಗೆ ಏನೂ ಆಗಿರಲಿಲ್ಲ. ನಿಮ್ಮ ಮಗನದೂ ಇದೇ ಕಥೆ.

ಏನು ಮಾಡಬೇಕು ಅಂತ ಕೇಳಿಲ್ಲ ನೀವು, ಆದರೂ ಹೇಳುತ್ತೇನೆ. ಓದು ಅನ್ನಬೇಡಿ. ಒಂದು ದಪ್ಪ ಪುಸ್ತಕ ತಂದು ನೀವೇ ಓದಲು ಕೂರಿ. ಮಧ್ಯದಲ್ಲಿ ಒಬ್ಬರೇ ನಗಿ. ಏನಪ್ಪಾ ಅದು ಅಂತ ಬಂದರೆ ‘ತಾಳೋ, ಮುಗಿಸ್ತೀನಿ’ ಅನ್ನಿ.

ಪ್ರಶ್ನೆ: ಗಣಿತದ ಪೇಪರಿನಲ್ಲಿ ಟೋಟಲ್ ತಪ್ಪಾಗಿ 4 ಮಾರ್ಕ್ಸ್ ಜಾಸ್ತಿ ಬಂದಿದೆ. ಟೀಚರ್‌ಗೆ ಹೇಳಿದರೆ ‘ಪ್ರಾಮಾಣಿಕತೆಗೆ ಇಟ್ಕೋ’ ಅಂತಾರಂತೆ, ಹಾಗಂತ ಅಕ್ಕ ಹೇಳಿದಳು. ಹೇಳಲಾ? — ಎಂಟನೇ ತರಗತಿ ಹುಡುಗಿ

ಉತ್ತರ: ಹೇಳು ಪುಟ್ಟಿ. ಆದರೆ ಇಟ್ಕೋ ಅಂತಾರೆ ಅನ್ನುವ ಲೆಕ್ಕ ಹಾಕಿಕೊಂಡು ಹೋಗಬೇಡ. ಅನ್ನದೆಯೂ ಇರಬಹುದು, ನಾನು ಅನ್ನುತ್ತಿರಲಿಲ್ಲ.

ಒಂದು ಸಲ ನಿನ್ನಷ್ಟೇ ವಯಸ್ಸಿನ ಹುಡುಗ ಪೇಪರು ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದ. ‘ಮೇಡಂ, ಇಲ್ಲಿ ಮೂರು ಜಾಸ್ತಿ ಕೂಡಿಸಿದ್ದೀರಿ’ ಅಂದ. ಮತ್ತೆ ಕೂಡಿ ನೋಡಿದೆ, ಹೌದು, 71 ಇದ್ದದ್ದನ್ನು 74 ಮಾಡಿದ್ದೆ. ಇಡೀ ಕ್ಲಾಸು ನೋಡುತ್ತಿದೆ. ಬಿಟ್ಟುಬಿಡಲಾ ಅಂತ ಒಂದು ಕ್ಷಣ ಅನಿಸಿತು. ಆದರೆ ಆ ಮೂರು ಅವನು ಗಣಿತ ಮಾಡಿ ತೆಗೆದದ್ದಲ್ಲ. ಪಕ್ಕದವನ 72 ಅವನು ಮಾಡಿ ತೆಗೆದದ್ದು. 74 ಹೊಡೆದು 71 ಬರೆದು ಸಹಿ ಹಾಕಿದೆ. ತುಂಬ ಥ್ಯಾಂಕ್ಸ್ ಕಣೋ ಅಂದೆ.

ಅವನು ಅಲ್ಲೇ ನಿಂತಿದ್ದ. ‘ಮೇಡಂ, ಏಳನೇ ಲೆಕ್ಕದಲ್ಲಿ ಎರಡು ಕಳೆದಿದ್ದೀರಲ್ಲ, ಯಾಕೆ ಅಂತ ಗೊತ್ತಾಗಲಿಲ್ಲ’ ಅಂದ. ಕುರ್ಚಿ ಎಳೆದುಕೋ ಅಂದೆ. ಇಬ್ಬರೂ ಏಳನೇ ಲೆಕ್ಕ ನೋಡುತ್ತಾ ಕೂತೆವು.